ಮನೆಯಲ್ಲೇ ಕಿವಿ ಚುಚ್ಚಿಕೊಳ್ಳುವ ಯೋಚನೆಯೇ? ಸೂಜಿ ಎತ್ತಿಕೊಳ್ಳುವ ಮೊದಲು ಇದನ್ನು ಓದಿ

ಕಿವಿಗೆ ತೂತು ಮಾಡುವುದೇನೂ ದೊಡ್ಡ ವಿದ್ಯೆಯಲ್ಲ. ಒಂದು ಸೂಜಿ, ಒಂದಿಷ್ಟು ಧೈರ್ಯ, ತಲೆ ಅಲುಗಾಡದಂತೆ ಹಿಡಿದುಕೊಳ್ಳಲು ಇನ್ನೊಬ್ಬರು ಇದ್ದರೆ ಎರಡು ನಿಮಿಷದ ಕೆಲಸ. ಮನೆಯಲ್ಲೇ ಮುಗಿಸಿಬಿಡೋಣ ಅನ್ನಿಸುವುದು ಇದಕ್ಕೇ. ಮೊಬೈಲಿನಲ್ಲಿ ಓಡುವ ವಿಡಿಯೊಗಳು ತೋರಿಸುವುದೂ ಆ ಎರಡು ನಿಮಿಷವನ್ನೇ. ಮೂರನೆಯ ದಿನ ಆ ಕಿವಿ ಹೇಗಿತ್ತು, ಮೂರನೆಯ ವಾರ ಏನಾಯಿತು ಅಂತ ತೋರಿಸುವವರು ಕಡಿಮೆ.

ತೊಂದರೆ ಬರುವುದೆಲ್ಲ ಆಮೇಲೆ. ಅದರ ಬೇರು ಮಾತ್ರ ಆ ಎರಡು ನಿಮಿಷದಲ್ಲೇ ಇರುತ್ತದೆ: ಸೂಜಿಯ ಮೇಲೆ ಏನು ಅಂಟಿತ್ತು, ಎಲ್ಲಿ ಚುಚ್ಚಿದಿರಿ, ಯಾವ ಲೋಹವನ್ನು ಒಳಗೆ ಬಿಟ್ಟಿರಿ. ಈ ಮೂರೂ ಬರಿಗಣ್ಣಿಗೆ ಗೊತ್ತಾಗುವಂಥವಲ್ಲ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕಿವಿಯ ಹಾಲೆಯನ್ನೂ ಮನೆಯಲ್ಲಿ ಚುಚ್ಚಬೇಡಿ. ಮೇಲ್ಭಾಗವನ್ನಂತೂ ಯಾವ ಕಾರಣಕ್ಕೂ ಬೇಡ. ಯಾಕೆ ಬೇಡ, ಬದಲಿಗೆ ಏನು ಮಾಡಬೇಕು, ಈಗಾಗಲೇ ಚುಚ್ಚಿಕೊಂಡಾಗಿದ್ದರೆ ಮುಂದೇನು ಅನ್ನುವುದನ್ನು ಒಂದೊಂದಾಗಿ ನೋಡೋಣ.

1. ಮೊದಲು ಕಿವಿಯನ್ನು ಮುಟ್ಟಿ ನೋಡಿಕೊಳ್ಳಿ

ಹೆಬ್ಬೆರಳು, ತೋರುಬೆರಳಿನ ನಡುವೆ ಕಿವಿಯ ಕೆಳತುದಿಯನ್ನು ಹಿಡಿಯಿರಿ. ಮೆತ್ತಗೆ ಸಿಗುವ ಆ ಭಾಗವೇ ಹಾಲೆ. ಅದರೊಳಗೆ ಕೊಬ್ಬು, ನಾರಿನಂಥ ಅಂಗಾಂಶ, ಧಾರಾಳವಾಗಿ ರಕ್ತ. ಗಾಯವಾದರೂ ಬೇಗ ಮಾಯುತ್ತದೆ. ಬೆರಳನ್ನು ಹಾಗೇ ಅಂಚಿನಗುಂಟ ಮೇಲಕ್ಕೆ ಸರಿಸಿ. ಒಂದು ಕಡೆ ಮೆತ್ತಗಿದ್ದದ್ದು ಬಿಗಿಯಾಗುತ್ತದೆ. ಮಡಿಸಿದರೆ ಪಟ್ಟನೆ ಹಿಂದಕ್ಕೆ ಸೆಟೆಯುತ್ತದೆ. ಅಲ್ಲಿಂದ ಮೇಲೆಲ್ಲ ಮೃದ್ವಸ್ಥಿ, ಅಂದರೆ ಮೂಳೆಯಷ್ಟು ಗಟ್ಟಿಯಲ್ಲದ, ಬಾಗುವ ಕಾರ್ಟಿಲೇಜ್.

ಮೃದ್ವಸ್ಥಿಗೆ ತನ್ನದೇ ರಕ್ತನಾಳಗಳಿಲ್ಲ. ಅದನ್ನು ಎರಡೂ ಕಡೆಯಿಂದ ಸುತ್ತಿಕೊಂಡ ತೆಳುವಾದ ಪೊರೆಯೊಂದಿದೆ. ಪೊರೆಯಲ್ಲಿ ಹರಿಯುವ ರಕ್ತದಿಂದ ಪೋಷಣೆ ಜಿನುಗಿ ಒಳಗೆ ಇಳಿಯಬೇಕು. ಈ ಜಾಗಕ್ಕೆ ಕ್ರಿಮಿ ಹೊಕ್ಕು ಪೊರೆಗೂ ಮೃದ್ವಸ್ಥಿಗೂ ನಡುವೆ ಕೀವು ತುಂಬಿತು ಅನ್ನಿ, ಪೊರೆ ಮೇಲಕ್ಕೆದ್ದುಬಿಡುತ್ತದೆ. ಕೆಳಗಿನ ಮೃದ್ವಸ್ಥಿ ಉಪವಾಸ ಬಿದ್ದು ಸಾಯುತ್ತದೆ. ಸತ್ತದ್ದು ಮತ್ತೆ ಬೆಳೆಯುವುದಿಲ್ಲ. ಕಿವಿ ಸುಕ್ಕಿಕೊಂಡು ಮುದುಡಿದ ಆಕಾರಕ್ಕೆ ಬರುತ್ತದೆ. ಕುಸ್ತಿಪಟುಗಳ ಗಂಟುಗಂಟಾದ ಕಿವಿ ನೋಡಿದ್ದೀರಲ್ಲ, ಅಲ್ಲಿ ಪೆಟ್ಟಿನಿಂದ ರಕ್ತ ತುಂಬಿ ಆಗುವುದೇ ಇಲ್ಲಿ ಕೀವು ತುಂಬಿ ಆಗುತ್ತದೆ. ಸರಿಪಡಿಸಲು ಪ್ಲಾಸ್ಟಿಕ್ ಸರ್ಜರಿ ಬೇಕು, ಮಾಡಿಸಿದರೂ ಮೊದಲಿನ ಕಿವಿ ಸಿಗುವುದು ಅನುಮಾನ.

ಹೆಚ್ಚಾಗಿ ಈ ಹಾವಳಿ ಎಬ್ಬಿಸುವುದು ಸ್ಯೂಡೊಮೊನಾಸ್ ಎಂಬ ಬ್ಯಾಕ್ಟೀರಿಯಾ. ತೇವ ಇರುವಲ್ಲೆಲ್ಲ ಅದರ ವಾಸ: ನಲ್ಲಿಯ ಬಾಯಿ, ಸಿಂಕು, ಅರ್ಧ ಖಾಲಿಯಾಗಿ ಬಿದ್ದ ಬಾಟಲಿ. 2000ರಲ್ಲಿ ಅಮೆರಿಕದ ಒರೆಗಾನ್ ರಾಜ್ಯದಲ್ಲಿ ಒಂದೇ ಕಡೆ ಮೇಲ್ಗಿವಿ ಚುಚ್ಚಿಸಿಕೊಂಡವರಲ್ಲಿ ಸಾಲಾಗಿ ಸೋಂಕು ಕಾಣಿಸಿಕೊಂಡಿತು. 7 ಮಂದಿಯಲ್ಲಿ ಸ್ಯೂಡೊಮೊನಾಸ್ ಖಚಿತವಾಯಿತು. ಹುಡುಕುತ್ತ ಹೋದರೆ ಕ್ರಿಮಿ ಸಿಕ್ಕಿದ್ದು ಕ್ರಿಮಿನಾಶಕದ ಸ್ಪ್ರೇ ಬಾಟಲಿಯಲ್ಲೇ! ದುಡ್ಡು ತೆಗೆದುಕೊಂಡು ಚುಚ್ಚುವ ಜಾಗದಲ್ಲೇ ಹೀಗಾದ ಮೇಲೆ, ಬಚ್ಚಲಿನ ಕನ್ನಡಿಯ ಮುಂದೆ ಏನಾದೀತು ಅಂತ ಲೆಕ್ಕ ಹಾಕಿ.

2. ಮನೆಯಲ್ಲಿ ಕೈಗೆ ಸಿಗುವ ಸಾಮಾನು ಯಾಕೆ ಸಾಲದು

ಹೊಲಿಗೆ ಸೂಜಿ ಮತ್ತು ಪಿನ್ನು. ಇವೆರಡೂ ಬಟ್ಟೆಯ ಎಳೆಗಳನ್ನು ಪಕ್ಕಕ್ಕೆ ಸರಿಸಿಕೊಂಡು ಹೋಗಲು ಮಾಡಿದವು. ಚರ್ಮದಲ್ಲೂ ಅದನ್ನೇ ಮಾಡುತ್ತವೆ. ಕತ್ತರಿಸುವುದಿಲ್ಲ, ಹರಿದು ತಳ್ಳುತ್ತವೆ. ಚುಚ್ಚುವ ಕೆಲಸಕ್ಕೆಂದೇ ಮಾಡಿದ ಸೂಜಿ ಒಳಗೆ ಟೊಳ್ಳು, ತುದಿ ಓರೆಯಾಗಿ ಕೊಯ್ದದ್ದು. ಅದು ನೀಟಾಗಿ ಕೊಯ್ದು ದಾರಿ ಮಾಡುತ್ತದೆ. ಪಿನ್ನಿನ ವಿಷಯದಲ್ಲಿ ಇನ್ನೂ ಒಂದು ತಕರಾರಿದೆ. ಹೊಳಪಿಗೆ ಅದರ ಮೇಲೆ ನಿಕಲ್ ಲೇಪ ಇರುವುದುಂಟು. ನಿಕಲ್‌ನ ಕಥೆ ಮುಂದೆ ಬರುತ್ತದೆ.

ಬೆಂಕಿಗೆ ಹಿಡಿಯುವುದು. ಸೂಜಿಯ ತುದಿ ಕೆಂಪಗೆ ಕಾದರೆ ಅಲ್ಲಿನ ಕ್ರಿಮಿ ಸಾಯುವುದು ನಿಜ. ಆಮೇಲೆ ಏನು ಮಾಡುತ್ತೀರಿ? ಆರಲಿ ಅಂತ ಗಾಳಿಯಲ್ಲಿ ಬೀಸುತ್ತೀರಿ, ಕರಿ ಹಿಡಿದಿದೆ ಅಂತ ಬಟ್ಟೆಯಲ್ಲಿ ಒರೆಸುತ್ತೀರಿ, ಆರಿತೋ ಇಲ್ಲವೋ ಅಂತ ಬೆರಳಿಂದ ಮುಟ್ಟಿ ನೋಡುತ್ತೀರಿ. ಕಾಯಿಸಿದ್ದು ಅಲ್ಲಿಗೇ ವ್ಯರ್ಥ. ಒರೆಸದೆ ಬಿಟ್ಟರೆ ಆ ಮಸಿ ಗಾಯದೊಳಗೆ ಹೋಗುತ್ತದೆ. ಕಾದ ಸೂಜಿಯ ಮೊನೆ ಮೊಂಡಾಗುತ್ತದೆ ಅನ್ನುವುದು ಬೇರೆ.

ಕುದಿಸುವುದು. ನೀರು 100 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಹೋಗುವುದಿಲ್ಲ. ಅಷ್ಟು ಬಿಸಿಗೆ ಹೆಚ್ಚಿನ ಬ್ಯಾಕ್ಟೀರಿಯಾ, ವೈರಸ್ ಸಾಯುತ್ತವೆ. ಆದರೆ ಧನುರ್ವಾಯುವಿನ ಕ್ರಿಮಿ ಬೀಜಕದ ರೂಪದಲ್ಲಿ ಗಟ್ಟಿ ಕವಚ ತೊಟ್ಟು ಕೂತಿರುತ್ತದೆ. ಕುದಿಯುವ ನೀರನ್ನು ತಡೆದುಕೊಳ್ಳುವ ಶಕ್ತಿ ಅದಕ್ಕಿದೆ. ಆಸ್ಪತ್ರೆಗಳಲ್ಲಿ ಆಟೊಕ್ಲೇವ್ ಬಳಸುವುದು ಇದಕ್ಕಾಗಿಯೇ. ಒತ್ತಡದ ಹಬೆ, 121 ಡಿಗ್ರಿ, ಕನಿಷ್ಠ 15 ನಿಮಿಷ. ಅದೂ ಮೊಹರಾದ ಲಕೋಟೆಯೊಳಗೆ, ಹೊರಗೆ ತೆಗೆದ ಮೇಲೂ ಕ್ರಿಮಿ ಅಂಟದ ಹಾಗೆ.

ಸ್ಪಿರಿಟ್ ಹಚ್ಚುವುದು. ಸ್ಪಿರಿಟ್ ಕೂಡ ಬೀಜಕಗಳನ್ನು ಕೊಲ್ಲುವುದಿಲ್ಲ. ಉಳಿದ ಕ್ರಿಮಿಗಳನ್ನು ಕೊಲ್ಲಲಿಕ್ಕೂ ಅದು ಒಂದಿಷ್ಟು ಹೊತ್ತು ಒದ್ದೆಯಾಗಿ ನಿಲ್ಲಬೇಕು. ಹತ್ತಿಯಲ್ಲಿ ಒಂದು ಸಲ ಸವರಿ, ಆರುವ ಮುಂಚೆಯೇ ಚುಚ್ಚಿದರೆ ನಿಮಗೆ ಸಿಗುವುದು ಉರಿ ಮಾತ್ರ. ಅಂದ ಹಾಗೆ, ಹೆಚ್ಚು ಗಾಢವಾದ ಸ್ಪಿರಿಟ್ ಹೆಚ್ಚು ಒಳ್ಳೆಯದು ಅನ್ನುವುದು ತಪ್ಪು ತಿಳಿವಳಿಕೆ. ಶೇ. 70ರದ್ದು ಶೇ. 99ರದ್ದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಕ್ರಿಮಿಯ ಪ್ರೋಟೀನ್ ಕೆಡಿಸಲು ನೀರೂ ಬೇಕು.

ಐಸು. ಮರಗಟ್ಟಿಸಲು ಐಸಿನ ತುಂಡು ಒತ್ತಿ ಹಿಡಿಯುವವರು ತುಂಬಾ ಮಂದಿ. ಹಾಲೆ ತಣ್ಣಗಾದಷ್ಟೂ ಗಟ್ಟಿಯಾಗುತ್ತದೆ, ಸೂಜಿ ನುಗ್ಗಲು ಇನ್ನಷ್ಟು ಬಲ ಬೇಕು, ಬಲ ಹಾಕಿದಾಗ ಕೈ ಓರೆಯಾಗುತ್ತದೆ. ಕರಗಿದ ನೀರು ಒರೆಸಿಟ್ಟ ಜಾಗದ ಮೇಲೇ ಇಳಿಯುತ್ತದೆ.

ಹಿಂದೆ ಇಡುವ ಆಲೂಗಡ್ಡೆ ಹೋಳು, ಸೋಪಿನ ತುಂಡು. ಬೆರಳಿಗೆ ಚುಚ್ಚದಿರಲಿ ಅಂತ ಆಧಾರಕ್ಕೆ ಇಡುತ್ತಾರೆ. ಸೂಜಿ ಕಿವಿ ದಾಟಿ ಅದರೊಳಗೆ ಹೊಕ್ಕು, ಅಲ್ಲಿದ್ದದ್ದನ್ನು ಹೊತ್ತುಕೊಂಡು ಅದೇ ದಾರಿಯಲ್ಲಿ ವಾಪಸು ಬರುತ್ತದೆ. ಮಣ್ಣಿನಲ್ಲಿ ಬೆಳೆದ ಗಡ್ಡೆ ಅದು. ಧನುರ್ವಾಯುವಿನ ಬೀಜಕಗಳ ತವರೂ ಮಣ್ಣೇ.

ಆನ್‌ಲೈನಿನಲ್ಲಿ ಸಿಗುವ ಕಿಟ್ಟು. ಇದು ಇದ್ದುದರಲ್ಲಿ ವಾಸಿ ಅನ್ನಬೇಕು. ಒಂದೇ ಸಲ ಬಳಸಿ ಎಸೆಯುವ, ಮೊಹರಾದ ಪೊಟ್ಟಣದಲ್ಲಿ ಬರುವ ಕಿಟ್ಟಿನಲ್ಲಿ ಸ್ಟಡ್ ಆದರೂ ಶುಚಿಯಾಗಿರುತ್ತದೆ. ಆದರೆ ಅದರ ಸ್ಪ್ರಿಂಗು ತಳ್ಳುವುದು ಸೂಜಿಯನ್ನಲ್ಲ, ಓಲೆಯ ಕಡ್ಡಿಯನ್ನೇ. ಕಡ್ಡಿಯ ತುದಿ ಸೂಜಿಯಷ್ಟು ಹರಿತವಿರುವುದಿಲ್ಲ. ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ಮುಂದಕ್ಕೆ ಒತ್ತಲು ಧೈರ್ಯವಿಲ್ಲ, ಹಿಂದಕ್ಕೆ ಎಳೆಯಲು ನೋವು, ಎದುರಿಗೆ ಅಳುವ ಮಗು. ಮನೆಯಲ್ಲಿ ಚುಚ್ಚುವಾಗ ಆಗುವ ಅನಾಹುತಗಳಲ್ಲಿ ಇದು ಮಾಮೂಲಿ. ಮೇಲ್ಗಿವಿಗೆ ಇದೇ ಸ್ಪ್ರಿಂಗು ಹೊಡೆದರೆ ಮೃದ್ವಸ್ಥಿ ನಜ್ಜಾಗುತ್ತದೆ, ಬಿರುಕೂ ಬಿಡಬಹುದು. ಕಿವಿ ಚುಚ್ಚಲು ಮತ್ತೆ ಮತ್ತೆ ಬಳಸುವ ಪ್ಲಾಸ್ಟಿಕ್ ಗನ್ನನ್ನಂತೂ ಆಟೊಕ್ಲೇವಿಗೆ ಹಾಕುವಂತೆಯೇ ಇಲ್ಲ, ಕರಗಿಹೋಗುತ್ತದೆ. ಅಂಥದ್ದು ಅಂಗಡಿಯಲ್ಲಿ ಕಂಡರೂ ಎದ್ದು ಬನ್ನಿ.

3. ಒಂದೇ ಸೂಜಿ, ಇಬ್ಬರು ಗೆಳತಿಯರು

ಹಾಸ್ಟೆಲ್ ಕೋಣೆಯಲ್ಲಿ, ರಜೆಯಲ್ಲಿ ಎಲ್ಲರೂ ಸೇರಿದಾಗ ಒಬ್ಬರಾದ ಮೇಲೊಬ್ಬರು ಚುಚ್ಚಿಕೊಳ್ಳುವುದಿದೆ. ಇಡೀ ಲೇಖನದಲ್ಲಿ ನಾನು ಅತಿ ಗಟ್ಟಿಯಾಗಿ ಬೇಡ ಅನ್ನುವುದು ಇದಕ್ಕೆ. ಹೆಪಟೈಟಿಸ್-ಬಿ ವೈರಸ್ ಮೈಯಿಂದ ಹೊರಗೂ ಕನಿಷ್ಠ 7 ದಿನ ಜೀವ ಹಿಡಿದಿರುತ್ತದೆ. ಅದು ಹರಡಲು ಕಣ್ಣಿಗೆ ಕಾಣದಷ್ಟು ರಕ್ತ ಸಾಕು. ಹೆಪಟೈಟಿಸ್-ಸಿ, ಎಚ್‌ಐವಿಗೂ ಇದೇ ದಾರಿ. ಅಕ್ಕತಂಗಿಯರಲ್ಲವೇ, ಜೊತೆಗೆ ಬೆಳೆದವರಲ್ಲವೇ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಹೆಪಟೈಟಿಸ್ ಇದ್ದವರಲ್ಲಿ ಎಷ್ಟೋ ಜನರಿಗೆ ತಮಗೆ ಇದೆ ಅನ್ನುವುದೇ ಗೊತ್ತಿರುವುದಿಲ್ಲ. ಹಾಕಿ ತೆಗೆದ ಓಲೆಯನ್ನು ಹೊಸ ತೂತಿಗೆ ಸಾಲ ಕೊಡುವುದೂ ಇದೇ ಲೆಕ್ಕ.

4. ಯಾವ ಓಲೆ

ಚುಚ್ಚಿದ ಕೂಡಲೇ ಮನೆಯಲ್ಲಿ ಏನಿದೆಯೋ ಅದನ್ನು ಹಾಕಿಬಿಡುತ್ತಾರೆ. ಫ್ಯಾನ್ಸಿ ಓಲೆ ಆದರೆ ಒಳಗೆ ನಿಕಲ್ ಇರುವ ಸಾಧ್ಯತೆ ಹೆಚ್ಚು. ಮೇಲಿನ ಚಿನ್ನದ ನೀರು ಹೋಗಲು ಬಹಳ ದಿನ ಬೇಡ. ಹಸಿ ಗಾಯದೊಳಗೆ ಕೂತ ನಿಕಲ್ ದಿನವಿಡೀ ರಸಿಕೆಯಲ್ಲಿ ಕರಗಿ ಮೈಗೆ ಸೇರುತ್ತದೆ. ಒಂದು ಸಲ ಮೈ ಅದಕ್ಕೆ ಒಗ್ಗದೆ ತಿರುಗಿಬಿದ್ದರೆ ಆ ಅಲರ್ಜಿ ಜೀವನಪೂರ್ತಿ ಉಳಿಯುತ್ತದೆ. ಮುಂದೆ ವಾಚಿನ ಪಟ್ಟಿ, ಪ್ಯಾಂಟಿನ ಗುಂಡಿ, ಬೆಲ್ಟಿನ ಬಕಲ್ ತಗುಲಿದಲ್ಲೆಲ್ಲ ನವೆ. ನಿಕಲ್ ಅಲರ್ಜಿ ಶುರುವಾಗುವ ಮುಖ್ಯ ದಾರಿಯೇ ಕಿವಿಯ ತೂತು. ಯುರೋಪಿಯನ್ ಒಕ್ಕೂಟ ಈ ಕಾರಣಕ್ಕೇ ತೂತಿಗೆ ಹಾಕುವ ಕಡ್ಡಿಗಳ ಮೇಲೆ ಬಿಗಿಯಾದ ಮಿತಿ ಇಟ್ಟಿದೆ: ವಾರಕ್ಕೆ ಪ್ರತಿ ಚದರ ಸೆಂಟಿಮೀಟರಿಗೆ 0.2 ಮೈಕ್ರೊಗ್ರಾಂ ನಿಕಲ್ ಹೊರಬರುವಂತಿಲ್ಲ.

ಮೊದಲ ಓಲೆಗೆ ಇಂಪ್ಲಾಂಟ್ ದರ್ಜೆಯ ಟೈಟಾನಿಯಂ ಉತ್ತಮ. ಕೇಳುವಾಗ ಎಎಸ್‌ಟಿಎಂ ಎಫ್-136 ಅಂತ ಅದರ ಗುಣಮಟ್ಟದ ಗುರುತು ಹೇಳಿ ಕೇಳಿ. ಮೂಳೆ ಶಸ್ತ್ರಚಿಕಿತ್ಸೆಯಲ್ಲಿ ಒಳಗೆ ಕೂರಿಸುವ ಲೋಹವೂ ಅದೇ. ನಿಯೋಬಿಯಂ ಆಗಬಹುದು. ನಿಕಲ್ ಬೆರೆಸದ 14 ಅಥವಾ 18 ಕ್ಯಾರಟ್ ಚಿನ್ನವೂ ಸರಿಯೇ. ಬೆಳ್ಳಿ ಹಸಿ ಗಾಯದಲ್ಲಿ ಕಪ್ಪಿಡುತ್ತದೆ, ಬೇಡ. ‘ಸರ್ಜಿಕಲ್ ಸ್ಟೀಲ್’ ಅನ್ನುವ ಹೆಸರಿಗೆ ಮರುಳಾಗಬೇಡಿ, ಅದರಲ್ಲೂ ನಿಕಲ್ ಇರುತ್ತದೆ. ಹೊರಬರುವುದು ಕಡಿಮೆ ಅಷ್ಟೇ.

ಕಡ್ಡಿಯ ಉದ್ದವನ್ನು ಮನೆಯಲ್ಲಿ ಚುಚ್ಚುವವರು ಯೋಚಿಸುವುದೇ ಇಲ್ಲ. ಚುಚ್ಚಿದ ಮೇಲೆ ಹಾಲೆ ಊದಿಯೇ ಊದುತ್ತದೆ. ಮಾಮೂಲಿ ಓಲೆಯ ಕಡ್ಡಿ ಗಿಡ್ಡ, ತಿರುಪನ್ನು ಬಿಗಿಯಾಗಿ ಒತ್ತಿಬಿಟ್ಟರೆ ಊದಿದ ಮಾಂಸಕ್ಕೆ ಜಾಗವಿಲ್ಲ. ಆಗ ಹಿಂದಿನ ತಿರುಪೋ ಮುಂದಿನ ಹರಳೋ ಚರ್ಮದೊಳಗೆ ಹೂತುಹೋಗುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಓಲೆ ಕಾಣುವುದಿಲ್ಲ, ಬಿದ್ದುಹೋಗಿದೆ ಅಂದುಕೊಳ್ಳುತ್ತಾರೆ. ಬಿದ್ದಿರುವುದಿಲ್ಲ, ಒಳಗಿರುತ್ತದೆ.

5. ಯಾರು ಸದ್ಯಕ್ಕೆ ಚುಚ್ಚಿಸಲೇಬಾರದು

ಹಿಂದೆ ಯಾವುದೇ ಗಾಯ ಕೀಲಾಯ್ಡ್ ಆಗಿ ಉಬ್ಬಿ ಬೆಳೆದಿದ್ದವರು, ಮನೆತನದಲ್ಲಿ ಅದು ಇರುವವರು ಚರ್ಮದ ವೈದ್ಯರನ್ನು ಕೇಳದೆ ಮುಂದುವರಿಯಬೇಡಿ. ಕೀಲಾಯ್ಡ್ ಗಾಯದ ಅಂಚು ದಾಟಿ ಗಂಟಿನ ಹಾಗೆ ಬೆಳೆಯುತ್ತದೆ, ಚುಚ್ಚಿ ತಿಂಗಳುಗಳಾದ ಮೇಲೂ ಶುರುವಾಗಬಹುದು. ಕಪ್ಪು, ಕಂದು ಚರ್ಮದವರಲ್ಲಿ ಹೆಚ್ಚು. ಬರೀ ಕತ್ತರಿಸಿ ತೆಗೆಸಿದರೆ ಮತ್ತೆ ಬರುವುದೇ ಜಾಸ್ತಿ.

ಹುಟ್ಟಿನಿಂದ ಹೃದಯದ ತೊಂದರೆ ಇರುವವರು, ಕೃತಕ ಕವಾಟ ಹಾಕಿಸಿಕೊಂಡವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆಯವರು, ರೋಗನಿರೋಧಕ ಶಕ್ತಿ ತಗ್ಗಿಸುವ ಔಷಧಿಯಲ್ಲಿರುವವರು ಮೊದಲು ತಮ್ಮ ವೈದ್ಯರ ಹತ್ತಿರ ಮಾತಾಡಬೇಕು. ಕಿವಿಯ ಮೇಲೆ ಹುಣ್ಣು, ಕಜ್ಜಿ ಇದ್ದರೆ ಅದು ಪೂರ್ತಿ ವಾಸಿಯಾಗಲಿ.

ಕೂಸುಗಳ ವಿಷಯ. ಶುಚಿಯಾಗಿ ಮಾಡಿದರೆ ಎಳೆ ಮಗುವಿಗೂ ಅಪಾಯ ಕಡಿಮೆಯೇ. ಆದರೆ ಧನುರ್ವಾಯುವಿನ ಲಸಿಕೆಗಳು ಶುರುವಾಗದ ಕೂಸಿಗೆ ಅವಸರವೇನು? ಕೈಗೆ ಸಿಕ್ಕಿದ್ದನ್ನೆಲ್ಲ ಎಳೆಯುವ, ಬಾಯಿಗೆ ಹಾಕುವ ವಯಸ್ಸಿನಲ್ಲಿ ಸಡಿಲಾದ ತಿರುಪು ಗಂಟಲಿಗೆ ಹೋಗುವ ಭಯವೂ ಇದೆ. ಕೇಳಿದರೆ, ಮಗು ತಾನೇ ಕಿವಿ ನೋಡಿಕೊಳ್ಳುವಷ್ಟು ದೊಡ್ಡದಾಗಲಿ ಅನ್ನುವ ಪಕ್ಷ ನನ್ನದು.

6. ಚುಚ್ಚುವವರನ್ನು ಪರೀಕ್ಷೆ ಮಾಡಿ

ಮನೆ ಬೇಡ ಅಂದ ಮಾತ್ರಕ್ಕೆ ಹೊರಗೆ ಎಲ್ಲಾದರೂ ಸರಿ ಅಂತಲ್ಲ. ಚರ್ಮದ ವೈದ್ಯರು, ಮಕ್ಕಳ ವೈದ್ಯರು, ಕಿವಿ-ಮೂಗು-ಗಂಟಲಿನ ವೈದ್ಯರಲ್ಲಿ ಕೆಲವರು ಚುಚ್ಚಿಕೊಡುತ್ತಾರೆ. ತರಬೇತಿ ಪಡೆದ ಪಿಯರ್ಸರ್, ಅಂದರೆ ಚುಚ್ಚುವುದನ್ನೇ ಕಸುಬು ಮಾಡಿಕೊಂಡವರು ಕೂಡ ಆಗಬಹುದು. ಯಾರೇ ಇರಲಿ, ಕೂರುವ ಮೊದಲು ನಾಲ್ಕು ಪ್ರಶ್ನೆ ಕೇಳಿ. ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಕೈಗೆ ಕಿವಿ ಕೊಡಬೇಡಿ.

ಸೂಜಿಯ ಪೊಟ್ಟಣವನ್ನು ನನ್ನ ಮುಂದೆಯೇ ಒಡೆಯುತ್ತೀರಾ? ಆಟೊಕ್ಲೇವಿನಿಂದ ಬಂದ ಲಕೋಟೆಯ ಮೇಲೆ ಶಾಖಕ್ಕೆ ಬಣ್ಣ ಬದಲಾಗುವ ಒಂದು ಪಟ್ಟಿ ಇರುತ್ತದೆ. ಅದನ್ನು ತೋರಿಸಲು ಹೇಳಿ, ಬಣ್ಣ ಬದಲಾಗಿದೆಯೇ, ಲಕೋಟೆ ಎಲ್ಲಾದರೂ ಹರಿದಿದೆಯೇ, ಒದ್ದೆಯಾಗಿದೆಯೇ ನೋಡಿ. ಬಳಸಿದ ಸೂಜಿಯನ್ನು ಎಲ್ಲಿ ಹಾಕುತ್ತೀರಿ? ಗಟ್ಟಿ ಗೋಡೆಯ, ಮುಚ್ಚಳವಿರುವ ಡಬ್ಬಿ ಇರಬೇಕು, ಕಸದ ಬುಟ್ಟಿಯಲ್ಲ. ಓಲೆ ಯಾವ ಲೋಹದ್ದು? ‘ಒಳ್ಳೇದೇ ಇದೆ’ ಅನ್ನುವುದು ಉತ್ತರವಲ್ಲ, ಹೆಸರು ಹೇಳಬೇಕು. ಮೇಲ್ಗಿವಿಗೆ ಗನ್ ಬಳಸುತ್ತೀರಾ? ಹೌದು ಅಂದರೆ ಅಲ್ಲಿಗೆ ಮಾತು ಮುಗಿಯಿತು.

ಕೈಯನ್ನೂ ಗಮನಿಸಿ. ಗ್ಲೌಸ್ ಹಾಕಿಕೊಂಡ ಮೇಲೆ ಫೋನ್ ಎತ್ತಿದರು, ಡ್ರಾಯರ್ ಎಳೆದರು, ಕೂದಲು ಸರಿಮಾಡಿಕೊಂಡರು ಅಂದರೆ ಆ ಗ್ಲೌಸ್ ಹೋಯಿತು. ಹೊಸದು ಹಾಕಿಕೊಳ್ಳಿ ಅಂತ ಬಾಯಿಬಿಟ್ಟು ಹೇಳಿ. ಸಂಕೋಚ ಪಡುವ ಜಾಗ ಇದಲ್ಲ.

7. ಚುಚ್ಚಿಸಿಕೊಳ್ಳುವ ದಿನ

ಹೊಟ್ಟೆಗೆ ಏನಾದರೂ ಹಾಕಿಕೊಂಡು ಹೋಗಿ, ಖಾಲಿ ಹೊಟ್ಟೆಯಲ್ಲಿ ತಲೆ ತಿರುಗುವುದು ಹೆಚ್ಚು. ಗುರುತು ಹಾಕುವಾಗ ನೇರವಾಗಿ ಕೂತಿರಿ. ಮಲಗಿದಾಗ ಹಾಲೆ ಜಾರಿ ಜಾಗ ಬದಲಾಗುತ್ತದೆ. ಎರಡೂ ಕಿವಿ ಒಂದೇ ಅಳತೆ ಇರುವುದು ಅಪರೂಪ, ಆದ್ದರಿಂದ ಕನ್ನಡಿಯಲ್ಲಿ ಎದುರಿನಿಂದ ನೋಡಿ ಒಪ್ಪಿಕೊಳ್ಳಿ. ಗುರುತು ಹಾಲೆಯ ಕೆಳ ಅಂಚಿಗೆ ತೀರಾ ಹತ್ತಿರ ಬಂದರೆ ತಕರಾರು ತೆಗೆಯಿರಿ. ಅಂಥ ತೂತು ಭಾರದ ಓಲೆಗೆ ವರ್ಷಗಳಲ್ಲಿ ಸೀಳಿಕೊಂಡು ಕೆಳಗಿಳಿಯುತ್ತದೆ, ಆಮೇಲೆ ಹೊಲಿಗೆಯೇ ಗತಿ.

8. ಮಾಯುವ ತನಕ

ಹಾಲೆಗೆ 6ರಿಂದ 8 ವಾರ. ಮೇಲ್ಗಿವಿಗೆ 6 ತಿಂಗಳಿಂದ ಒಂದು ವರ್ಷ. ಇಷ್ಟು ದಿನ ಯಾಕೆ ಅಂದರೆ, ತೂತಿನೊಳಗೆ ಹೊಸ ಚರ್ಮ ಎರಡು ಬಾಯಿಂದ ಒಳಮುಖವಾಗಿ ಬೆಳೆದು ನಡುವೆ ಕೂಡಿ ಕೊಳವೆಯಾಗಬೇಕು. ಹೊರಗೆ ಒಣಗಿದಂತೆ ಕಂಡಾಗಲೂ ಒಳಗೆ ಹಸಿಯೇ ಇರುತ್ತದೆ. ಓಲೆಯನ್ನು ದಿನಾ ತಿರುಗಿಸುತ್ತಿರಿ, ಇಲ್ಲದಿದ್ದರೆ ಅಂಟಿಕೊಳ್ಳುತ್ತದೆ ಅನ್ನುವ ಸಲಹೆ ಎಲ್ಲರ ಬಾಯಲ್ಲೂ ಇದೆ. ಕೇಳಬೇಡಿ. ತಿರುಗಿಸಿದಾಗಲೆಲ್ಲ ಕಡ್ಡಿಗೆ ಅಂಟಿದ ಹಕ್ಕಳೆ ಒಳಗಿನ ಎಳೆ ಚರ್ಮವನ್ನು ಕೆರೆಯುತ್ತದೆ.

ಮಾಡಬೇಕಾದದ್ದು ಕಡಿಮೆ. ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಔಷಧಿ ಅಂಗಡಿಯಲ್ಲಿ ನಾರ್ಮಲ್ ಸಲೈನ್ ಅಂತ ಕೇಳಿದರೆ ಶೇ. 0.9 ಉಪ್ಪಿನ, ಮೊಹರಾದ ದ್ರಾವಣ ಕೊಡುತ್ತಾರೆ. ದಿನಕ್ಕೆ ಎರಡು ಸಲ ಮುಂದೆ ಹಿಂದೆ ಅದರಿಂದ ಒದ್ದೆ ಮಾಡಿ, ಹಕ್ಕಳೆ ತಾನಾಗಿ ನೆನೆದು ಬಂದರೆ ಒರೆಸಿ, ಬರದಿದ್ದರೆ ಉಗುರಲ್ಲಿ ಕೀಳಬೇಡಿ. ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ, ಗಾಜ್ ಬಟ್ಟೆ ಅಥವಾ ಟಿಶ್ಯೂ ಬಳಸಿ. ಆಮೇಲೆ ಒಣಗಲು ಬಿಡಿ. ತೆರೆದ ಸಲೈನ್ ಬಾಟಲಿಯನ್ನು ವಾರಗಟ್ಟಲೆ ಇಟ್ಟುಕೊಳ್ಳಬೇಡಿ. ಒರೆಗಾನ್‌ನ ಬಾಟಲಿ ನೆನಪಿರಲಿ.

ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಹೊಸ ಜೀವಕೋಶಗಳನ್ನೂ ಸುಡುತ್ತವೆ. ಎಣ್ಣೆ, ಪುಡಿ, ಮುಲಾಮು ತೂತಿನ ಬಾಯಿ ಕಟ್ಟುತ್ತವೆ. ವೈದ್ಯರು ಹೇಳದೆ ಯಾವುದೂ ಬೇಡ. ಕೊಳ, ಹೊಳೆ, ಈಜು ಎಲ್ಲ ಗಾಯ ಮಾಯುವ ತನಕ ಬಂದ್. ದಿಂಬಿನ ಹೊದಿಕೆ ಆಗಾಗ ಬದಲಾಯಿಸಿ, ಆ ಕಿವಿ ಒತ್ತಿ ಮಲಗಬೇಡಿ, ಫೋನನ್ನು ಇನ್ನೊಂದು ಕಿವಿಗೆ ಹಿಡಿಯಿರಿ.

9. ಯಾವುದು ಮಾಮೂಲು, ಯಾವುದು ಅಲ್ಲ

ಮೊದಲ ಎರಡು ಮೂರು ದಿನ ಕೆಂಪು, ಸ್ವಲ್ಪ ಬಾವು, ಮುಟ್ಟಿದರೆ ನೋವು ಇದ್ದದ್ದೇ. ತೆಳು ಬಿಳಿ ರಸಿಕೆ ಒಸರಿ ಹಕ್ಕಳೆ ಕಟ್ಟುವುದೂ ಸರಿಯೇ. ದಿನ ಕಳೆದಂತೆ ಇವೆಲ್ಲ ಇಳಿಯಬೇಕು. ಇಳಿಯುವ ಬದಲು ಏರಿದರೆ, ಕೆಂಪು ಹರಡಿದರೆ, ಬಿಸಿ ತಾಗಿದರೆ, ಹಳದಿ-ಹಸಿರು ಗಟ್ಟಿ ಕೀವು ಬಂದರೆ ಅದು ಸೋಂಕು. ನೋವಿಗಿಂತ ನವೆಯೇ ಹೆಚ್ಚಾಗಿ, ಓಲೆ ತಾಗಿದಲ್ಲೆಲ್ಲ ಚರ್ಮ ಒರಟಾಗಿ ಹೊಟ್ಟು ಏಳುತ್ತಿದ್ದರೆ ನಿಕಲ್ ಅಲರ್ಜಿಯನ್ನು ಅನುಮಾನಿಸಿ.

ಮೇಲ್ಗಿವಿ ಚುಚ್ಚಿಕೊಂಡವರು ಗುರುತಿಟ್ಟುಕೊಳ್ಳಬೇಕಾದ ಒಂದು ಲಕ್ಷಣವಿದೆ. ಕಿವಿಯ ಮೇಲ್ಭಾಗವೆಲ್ಲ ಕೆಂಪಾಗಿ ಊದಿ, ಸ್ವಲ್ಪ ಬಾಗಿಸಿದರೂ ಜೀವ ಹೋಗುವಂತೆ ನೋವು, ಆದರೆ ಕೆಳಗಿನ ಹಾಲೆ ಮಾತ್ರ ಎಂದಿನಂತೆಯೇ ಇದೆ ಅಂದರೆ ಸೋಂಕು ಮೃದ್ವಸ್ಥಿಯ ಪೊರೆಗೆ ಇಳಿದಿದೆ. ಹಾಲೆಯಲ್ಲಿ ಮೃದ್ವಸ್ಥಿ ಇಲ್ಲ, ಅದಕ್ಕೇ ಅದು ಪಾರಾಗಿರುತ್ತದೆ. ನಾಳೆ ನೋಡೋಣ ಅನ್ನದೆ ಅದೇ ದಿನ ವೈದ್ಯರ ಹತ್ತಿರ ಹೋಗಿ, ಮೇಲ್ಗಿವಿ ಚುಚ್ಚಿದ್ದು ಅಂತ ಬಿಡಿಸಿ ಹೇಳಿ. ಚರ್ಮದ ಸೋಂಕಿಗೆ ಸಾಮಾನ್ಯವಾಗಿ ಕೊಡುವ ಎಷ್ಟೋ ಆಂಟಿಬಯೋಟಿಕ್‌ಗಳಿಗೆ ಸ್ಯೂಡೊಮೊನಾಸ್ ಜಗ್ಗುವುದಿಲ್ಲ. ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗುತ್ತ ಕೂತರೆ ನಾಲ್ಕು ದಿನ ಕಳೆದಿರುತ್ತದೆ, ಮೃದ್ವಸ್ಥಿಯೂ ಹೋಗಿರುತ್ತದೆ. ಇದರ ಜೊತೆಗೆ ಚಳಿ ಜ್ವರ ಬಂದರೆ ನೇರ ಆಸ್ಪತ್ರೆಗೆ.

ಸೋಂಕಾದಾಗ ಓಲೆ ಕಿತ್ತು ಹಾಕುವುದು ಎಲ್ಲರೂ ಮಾಡುವ ಮೊದಲ ಕೆಲಸ. ತಡೆಯಿರಿ. ಕಡ್ಡಿ ಇರುವ ತನಕ ಕೀವು ಹೊರಬರಲು ದಾರಿ ಇರುತ್ತದೆ. ತೆಗೆದರೆ ಬಾಯಿ ಮುಚ್ಚಿಕೊಂಡು ಕೀವು ಒಳಗೇ ಗಂಟು ಕಟ್ಟಬಹುದು. ತೆಗೆಯಬೇಕೇ ಬೇಡವೇ ಅನ್ನುವುದನ್ನು ವೈದ್ಯರು ನೋಡಿ ಹೇಳಲಿ.

10. ಮನೆಯಲ್ಲಿ ಈಗಾಗಲೇ ಚುಚ್ಚಿಕೊಂಡಿದ್ದರೆ

ಹದಿಹರೆಯದವರು ಮನೆಯವರಿಗೆ ಹೇಳದೆ ಚುಚ್ಚಿಕೊಳ್ಳುವುದೇ ಹೆಚ್ಚು. ಬೈಗುಳಕ್ಕೆ ಹೆದರಿ ಕೂದಲಲ್ಲಿ ಕಿವಿ ಮುಚ್ಚಿಕೊಂಡು ಓಡಾಡುತ್ತಾರೆ, ಕೀವಾದರೂ ಬಾಯಿ ಬಿಡುವುದಿಲ್ಲ. ಅಪ್ಪ ಅಮ್ಮಂದಿರು ಬೈಯುವುದಿದ್ದರೆ ಕಿವಿ ವಾಸಿಯಾದ ಮೇಲೆ ಬೈಯಲಿ.

ಸೂಜಿ ಹಂಚಿಕೊಂಡಿದ್ದರೆ ಮೊದಲು ವೈದ್ಯರನ್ನು ಕಾಣುವ ಕೆಲಸ. ಹೆಪಟೈಟಿಸ್-ಬಿ ಲಸಿಕೆ ಹಾಕಿಸಿರದಿದ್ದರೆ ಆದಷ್ಟು 24 ಗಂಟೆಯೊಳಗೆ ಹಾಕಿಸುವುದು ಒಳ್ಳೆಯದು. ಎಚ್‌ಐವಿ ತಡೆಯುವ ಔಷಧಿ ಬೇಕೆಂದು ವೈದ್ಯರಿಗೆ ಅನ್ನಿಸಿದರೆ ಅದನ್ನು 72 ಗಂಟೆಯೊಳಗೆ ಶುರು ಮಾಡಬೇಕು, ತಡವಾದಷ್ಟೂ ಅದರ ಪ್ರಯೋಜನ ಕಡಿಮೆ. ಸೂಜಿ ಶುಚಿಯಾಗಿರಲಿಲ್ಲ, ಕೊನೆಯ ಧನುರ್ವಾಯು ಇಂಜೆಕ್ಷನ್ ಆಗಿ 5 ವರ್ಷ ದಾಟಿದೆ ಅಂದರೆ ಅದನ್ನೂ ಕೇಳಿ.

ರಕ್ತ ನಿಲ್ಲದಿದ್ದರೆ ಶುಚಿಯಾದ ಬಟ್ಟೆಯಿಂದ 10 ನಿಮಿಷ ಒತ್ತಿ ಹಿಡಿಯಿರಿ. ನಡುನಡುವೆ ತೆಗೆದು ನೋಡಬೇಡಿ. ಸೂಜಿಯೋ ಸ್ಟಡ್ಡೋ ಅರ್ಧಕ್ಕೆ ನಿಂತಿದ್ದರೆ ಮತ್ತೆ ತಳ್ಳುವ ಸಾಹಸ ಬೇಡ. ಬಂದ ದಾರಿಯಲ್ಲೇ ನಿಧಾನವಾಗಿ ಹಿಂದಕ್ಕೆ ತೆಗೆದು, ಒತ್ತಿ ಹಿಡಿದು, ಗಾಯ ತೊಳೆಯಿರಿ. ಬರದಿದ್ದರೆ ಹಾಗೇ ವೈದ್ಯರಲ್ಲಿಗೆ. ಓಲೆ ಚರ್ಮದೊಳಗೆ ಹೂತಿದ್ದರೂ ಇದೇ ಮಾತು, ಚಿಮಟ ಹಾಕಿ ಕೆದಕಬೇಡಿ. ಜಾಗ ಮರಗಟ್ಟಿಸಿ ತೆಗೆಯುವುದು ಅವರಿಗೆ ಸಣ್ಣ ಕೆಲಸ.

ಎಲ್ಲ ಸರಿಯಿದೆ, ಓಲೆ ಮಾತ್ರ ಫ್ಯಾನ್ಸಿಯದು ಅಂದರೆ ನೀವೇ ಬದಲಿಸಲು ಹೋಗಬೇಡಿ. ಹಸಿ ತೂತು ನಿಮಿಷಗಳಲ್ಲಿ ಕೂಡಿಕೊಳ್ಳಲು ನೋಡುತ್ತದೆ, ಹೊಸ ಕಡ್ಡಿ ತಪ್ಪು ದಾರಿ ಹಿಡಿದು ಇನ್ನೊಂದು ಗಾಯ ಮಾಡುತ್ತದೆ. ಚುಚ್ಚುವುದು ಬಲ್ಲವರ ಹತ್ತಿರ ಟೈಟಾನಿಯಂ ಕಡ್ಡಿಗೆ ಬದಲಾಯಿಸಿಕೊಳ್ಳಿ.

ತೂತು ಓರೆಯಾಗಿದೆ, ಬೇಡವೇ ಬೇಡ ಅನ್ನಿಸಿದರೆ, ಸೋಂಕು ಇಲ್ಲದಿದ್ದಲ್ಲಿ ಓಲೆ ತೆಗೆದು ಮುಚ್ಚಿಕೊಳ್ಳಲು ಬಿಡಬಹುದು. ಮತ್ತೆ ಚುಚ್ಚಿಸುವ ಮೊದಲು ಕೆಲವು ತಿಂಗಳು ಬಿಡಿ. ಬೆರಳಿಗೆ ಒಳಗೆ ಗಂಟು ಸಿಗುತ್ತಿದ್ದರೆ ಇನ್ನೂ ಕಾಯಿರಿ. ಹೋದಾಗ ಹಳೆಯ ಗುರುತನ್ನು ತೋರಿಸಿ, ಮನೆಯಲ್ಲಿ ಚುಚ್ಚಿದ್ದು, ಇಂಥ ಸೂಜಿಯಲ್ಲಿ, ಇಷ್ಟು ತಿಂಗಳ ಹಿಂದೆ ಅಂತ ಮುಚ್ಚುಮರೆಯಿಲ್ಲದೆ ಹೇಳಿ. ಗಾಯದ ಗಟ್ಟಿ ಚರ್ಮದ ಮೇಲೆ ಹೊಸ ತೂತು ಸರಿಯಾಗಿ ನಿಲ್ಲುವುದಿಲ್ಲ, ಅವರು ಪಕ್ಕದಲ್ಲೊಂದು ಮೆತ್ತಗಿನ ಜಾಗ ಹುಡುಕುತ್ತಾರೆ.